ಪದ ಬೇಕಿತ್ತು: ಮೀನಿನ ತೊಟ್ಟಿ ‘ಸೈಕಲ್’ ಆಗುವುದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಶಿವಮೊಗ್ಗದಲ್ಲಿ ನಮ್ಮ ಭಾವ ಅಲಂಕಾರದ ಮೀನಿನ ಅಂಗಡಿ ಇಟ್ಟಿದ್ದಾರೆ. ಆಸ್ಕರ್ ಮೀನು ಒಯ್ಯುವವರಿಗಾಗಿ ಬೋರ್ಡು ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. ಸೈಕ್ಲಿಂಗ್, ವಾಟರ್ ಚೇಂಜ್, ಪ್ರಿಡೇಟರ್ ಈ ಮೂರಕ್ಕೆ ಪದ ಬೇಕು.

ವಿಷಯ ಇಷ್ಟೇ. ಮೀನಿನ ಹೊಲಸು, ಮಿಕ್ಕ ತಿನಿಸು ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲು 4ರಿಂದ 6 ವಾರ ಹಿಡಿಯುತ್ತದೆ, ಇದಕ್ಕೇ ಸೈಕ್ಲಿಂಗ್ ಅನ್ನುವುದು. ಅಲ್ಲಿಯವರೆಗೆ ಅಮೋನಿಯಾ ಏರಿದಾಗಲೆಲ್ಲ ಕಾಲು ಭಾಗವೋ ಅರ್ಧವೋ ನೀರು ತೆಗೆದು ಹೊಸದು ಹಾಕುತ್ತಿರಬೇಕು. ಆಸ್ಕರಿನಂಥ ಮಾಂಸ ತಿನ್ನುವ ಮೀನಾದರೆ ಈ ಕಾಟ ಇನ್ನೂ ಜಾಸ್ತಿ.

ಹಳೇ ಬೋರ್ಡಿನಲ್ಲಿ ‘ನೀರು ಬದಲಿಸಿ’ ಅಂತ ಮಾತ್ರ ಇತ್ತು. ಒಬ್ಬರು ತೊಟ್ಟಿ ಪೂರ್ತಿ ಖಾಲಿ ಮಾಡಿ, ಬ್ಯಾಕ್ಟೀರಿಯಾ ನೆಲೆಯಾಗಿದ್ದ ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಹೊಸದರ ಹಾಗೆ ತೊಳೆದು, ಕ್ಲೋರಿನ್ ನೀರನ್ನೇ ತುಂಬಿದರು. ಬೆಳಿಗ್ಗೆ ಅಂಗೈಯಗಲದ ಆಸ್ಕರ್ ಮಗ್ಗುಲಾಗಿ ತೇಲುತ್ತಿತ್ತಂತೆ. ಅದನ್ನು ಕವರಿನಲ್ಲಿ ತಂದು ಕೌಂಟರ್ ಮೇಲಿಟ್ಟು, “ನೀವು ಬರೆದ ಹಾಗೇ ಮಾಡಿದೆ” ಅಂದರು. ಭಾವನ ಹತ್ತಿರ ಉತ್ತರ ಇರಲಿಲ್ಲ.

ತೀರ್ಥಹಳ್ಳಿಯಿಂದ:
ಪಳಗಿಸುವುದು. ಹೊಸ ಕಾವಲಿಯನ್ನು ಏನು ಮಾಡುತ್ತೇವೆ? ಮೊದಲ ನಾಲ್ಕು ದೋಸೆ ಕಿತ್ತು ಬರುತ್ತವೆ, ಆಮೇಲೆ ಪಳಗುತ್ತದೆ. ತೊಟ್ಟಿಯದ್ದೂ ಅದೇ ಕತೆ. ಸಕ್ರೆಬೈಲು ಬಿಡಾರದಲ್ಲಿ ಪಳಗಿಸುವ ಆನೆಗೂ ಇದೇ ಮಾತು. ‘ಚಕ್ರ’ದ ಹತ್ತಿರ ಮಾತ್ರ ಹೋಗಬೇಡಿ. ತೊಟ್ಟಿಯ ನೈಟ್ರೇಟ್ ನೀರಿನ ಜೊತೆ ಬಕೆಟ್ಟಿಗೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಸುತ್ತೇ ಇಲ್ಲದ್ದಕ್ಕೆ ಚಕ್ರ ಎಂತಕ್ಕೆ?

ಸಾಗರದಿಂದ:
‘ಪಳಗು’ ಕನ್ನಡದ್ದೇ ಹೌದಾ, ಮೊದಲು ನೋಡಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಇದೊಂದು ಯಾಕೆ ‘ಹಳಗು’ ಆಗಲಿಲ್ಲ? ಪಕ್ಕದಲ್ಲೇ ತಮಿಳಿನ ‘ಪೞಗು’ ಕೂತಿದೆ. ‘ಹದ’ ನೋಡಿ, ಹಿಂದೆ ‘ಪದ’ ಅಂತ ಇದ್ದದ್ದು ‘ಹದ’ ಆಗಿದೆ. ‘ತೊಟ್ಟಿ ಹದ ಮಾಡಿ’. ಮುಗಿಯಿತು. ‘ಬದಲು’ ಅರಬ್ಬಿ, ಬೇಡ.

ತೀರ್ಥಹಳ್ಳಿಯಿಂದ:
ಪಡೆ, ಪೊರೆ, ಪಡು ಎಲ್ಲ ತಮಿಳಿನಿಂದ ಸಾಲ ತಂದದ್ದಾ ಹಾಗಾದರೆ? ಸಾಗರದವರು ‘ಬದಲು’ ಅರಬ್ಬಿ ಅಂತ ಬರೆದದ್ದು ಕುರ್ಚಿ ಮೇಲೆ ಕೂತೇ ಇರಬೇಕು. ಕುರ್ಚಿ ಎಲ್ಲಿಂದ ಬಂತು ಅಂತಲೂ ನೋಡಲಿ.

ಸಾಗರದಿಂದ:
ಬಂದದ್ದನ್ನು ಓಡಿಸಿ ಅಂದಿಲ್ಲ. ಹೊಸದಾಗಿ ಬರೆಯುವಾಗ ಮನೆಯಲ್ಲಿರುವುದನ್ನು ಮೊದಲು ಹುಡುಕಿ ಅಂದೆ. ಎರಡಕ್ಕೂ ವ್ಯತ್ಯಾಸ ಇದೆ.

ಕೊಪ್ಪದಿಂದ:
ಜಗಳ ಆಮೇಲೆ ಆಡಿ, ಪೇಂಟರ್ ಬರುತ್ತಾನೆ. ಮೀನು ಸತ್ತದ್ದಕ್ಕೆ ಅರಬ್ಬಿ ಕಾರಣ ಅಲ್ಲ. ‘ಬದಲಿಸು’ ಅಂದರೆ ಅಂಗಿ ಬದಲಿಸಿದ ಹಾಗೆ, ಹಳೆಯದು ಪೂರ್ತಿ ಹೋಗಬೇಕು ಅಂತಲೇ ಕೇಳುತ್ತದೆ. ‘ಬಸಿ’ ಅನ್ನಿ. ಅಡಿಕೆ ತೋಟದ ಬಸಿಗಾಲುವೆ ಗೊತ್ತಲ್ವಾ? ನೀರು ಹೋಗುತ್ತದೆ, ತೋಟ ಅಲ್ಲೇ ಇರುತ್ತದೆ. ಆದರೆ ಅಳತೆ ಬರೆಯದಿದ್ದರೆ ಯಾವ ಪದವೂ ಕೆಲಸಕ್ಕೆ ಬಾರದು. ಪ್ರಿಡೇಟರಿಗೆ ‘ಪರಭಕ್ಷಕ’ ಅಂದರೆ ಗಿರಾಕಿ ಹೆದರಿ ಓಡುತ್ತಾನೆ, ‘ಬೇಟೆ ಮೀನು’ ಸಾಕು. ನಾವು ಬೇಟೆಯಾಡುವ ಮೀನು ಅಂತ ತಿಳಿಯುವುದಿಲ್ವಾ ಅಂತ ಕೇಳಬೇಡಿ. ಬೇಟೆನಾಯಿಯನ್ನು ಯಾರೂ ಹಾಗೆ ತಿಳಿದಿಲ್ಲ.

ಕೇಳಿದವನಿಂದ:
ಪೇಂಟರ್ ಬಂದು ಬರೆದು ಹೋದ. ಬೋರ್ಡು ಹೀಗಿದೆ:

‘ಹೊಸ ತೊಟ್ಟಿ ಪಳಗಲು 6 ವಾರ ಬೇಕು. ಒಮ್ಮೆಗೆ ಕಾಲು ಭಾಗ ನೀರು ಬಸಿದು, ಕ್ಲೋರಿನ್ ಕಳೆದ ನೀರು ತುಂಬಿ. ಸ್ಪಂಜನ್ನು ಬಸಿದ ನೀರಿನಲ್ಲೇ ಹಿಂಡಿ. ಬೇಟೆ ಮೀನಿನ ಜೊತೆ ಸಣ್ಣ ಮೀನು ಬಿಡಬೇಡಿ.’

ಎಲ್ಲರಿಗೂ ಥ್ಯಾಂಕ್ಸ್.

ಸಾಗರದಿಂದ:
‘ಭಾಗ’ ಸಂಸ್ಕೃತ. ‘ಕಾಲು ಪಾಲು’ ಅಂತ ಬರೆಸಬೇಕಿತ್ತು.

ತೀರ್ಥಹಳ್ಳಿಯಿಂದ:
ಈ ಪಾಲು ಯಾಕೆ ಹಾಲಾಗಲಿಲ್ಲ?