ಹೆವಿ ಚರ್ಮದ ಮೆಷಿನ್‌ನಲ್ಲಿ ಹೊಲಿಗೆ ಬಿಟ್ಟುಹೋಗುತ್ತಿದೆ, ಟೈಮಿಂಗ್ ಮುಟ್ಟಲೇಬೇಕಾ?

ಬೆಲ್ಟುಬ್ಯಾಗು:

ಎಲ್ಲರಿಗೂ ನಮಸ್ಕಾರ. ನನ್ನದು 441 ಮಾದರಿಯ ಹೆವಿ ಮೆಷಿನ್. ಸಿಲಿಂಡರ್ ತೋಳು, ಚರ್ಮವನ್ನು ಒತ್ತಿ ಹಿಡಿಯುವ ಫುಟ್ ಒಳಗೊಂದು ಹೊರಗೊಂದು, ಎರಡೂ ನಡೆಯುತ್ತವೆ. ಬೆಲ್ಟ್, ಬ್ಯಾಗಿನ ಹಿಡಿಕೆ, ಭುಜದ ಪಟ್ಟಿ ಇಂಥವೇ ಹೊಲಿಯುವುದು. ಸೂಜಿ 794 ಅನ್ನುವ ಬಗೆಯದು, ಸೈಜ್ 200, ಚರ್ಮದ ಮೊನೆಯದು. ಮೇಲೂ ಕೆಳಗೂ 277 ನಂಬರಿನ ದಪ್ಪನೆಯ ಬಾಂಡೆಡ್ ನೈಲಾನ್ ದಾರ.

ಗಟ್ಟಿ ಬೆಲ್ಟ್ ಚರ್ಮದ ಮೇಲೆ ಹೊಲಿಗೆ ಚೆನ್ನಾಗಿ ಬೀಳುತ್ತದೆ. ಎಷ್ಟು ಉದ್ದ ಹೊಲಿದರೂ ಒಂದೂ ತಪ್ಪುವುದಿಲ್ಲ. ಆದರೆ ಮೆತ್ತನೆಯ ಕ್ರೋಮ್ ಚರ್ಮದ ಬ್ಯಾಗಿಗೆ ಹಿಡಿಕೆ ಕೂರಿಸುವಾಗ ತೊಂದರೆ ಶುರುವಾಗುತ್ತದೆ. ಎರಡು ಪದರದಿಂದ ನಾಲ್ಕು ಪದರಕ್ಕೆ ಹತ್ತುವ ಜಾಗದಲ್ಲಿ ಒಂದು ಹೊಲಿಗೆ ಬಿಟ್ಟೇ ಬಿಡುತ್ತದೆ, ಕೆಲವು ಸಲ ಅದರ ಪಕ್ಕದ್ದೂ ಹೋಗುತ್ತದೆ. ಮೇಲುಗಡೆ ದಾರ ಉದ್ದಕ್ಕೆ ಸುಮ್ನೆ ಮಲಗಿರುತ್ತದೆ, ಕೆಳಗಿನ ದಾರ ಅದನ್ನು ಹಿಡಿದೇ ಇರುವುದಿಲ್ಲ. ಅದೂ ಹಿಡಿಕೆಯ ಬುಡದಲ್ಲಿ, ಬ್ಯಾಗಿನ ಭಾರವೆಲ್ಲ ಬೀಳುವ ಕಡೆಯಲ್ಲೇ. ಬಿಚ್ಚಿ ಮತ್ತೆ ಹೊಲಿಯೋಣ ಅಂದರೆ ಚರ್ಮದಲ್ಲಿ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ, ಪೀಸ್ ಪೂರ್ತಿ ಹಾಳು.

ಅದಕ್ಕಿಂತ ತೆಳುವಾದ 138 ದಾರಕ್ಕೆ 160 ಸೂಜಿ ಹಾಕಿದರೆ ಕಾಟ ಇನ್ನೂ ಜಾಸ್ತಿ. ಆಗ ಸಮತಟ್ಟಾದ ಕಡೆಯೂ ಅಲ್ಲೊಂದು ಇಲ್ಲೊಂದು ಬಿಡುತ್ತದೆ.

ಸೂಜಿ ಹೊಸದು. ಬಾಬಿನ್ ಬಿಗಿಯಾಗಿ ಸುತ್ತಿದೆ. ದಾರ ಹಾಕಿರುವ ದಾರಿ ಮೆಷಿನ್ ಪುಸ್ತಕದಲ್ಲಿರುವಂತೆಯೇ ಇದೆ. ಹುಕ್ ಟೈಮಿಂಗ್, ಅಂದರೆ ಸೂಜಿಯ ದಾರವನ್ನು ಕೆಳಗೆ ಹಿಡಿಯುವ ಹುಕ್ ಸೂಜಿಯ ಹತ್ತಿರ ಬರುವ ಸಮಯ, ಅದನ್ನು ಬದಲಿಸು ಅಂತ ಸುತ್ತಮುತ್ತಲಿನವರು ಹೇಳುತ್ತಿದ್ದಾರೆ. ಅದಕ್ಕೆ ಕೈ ಹಾಕುವ ಮೊದಲು ನೋಡಬೇಕಾದ್ದು ಏನಾದರೂ ಇದೆಯಾ?

ಎಣ್ಣೆಡಬ್ಬಿ:

ನನ್ನ ಅನುಭವದಲ್ಲಿ ಟೈಮಿಂಗೇ ಸರ್. ಹೊಲಿಗೆ ಬಿಟ್ಟಿತು ಅಂದರೆ ಹುಕ್‌ಗೆ ದಾರ ಸಿಗಲಿಲ್ಲ ಅಂತಲೇ ಅಲ್ವಾ. ಪ್ಲಗ್ ಕಿತ್ತು, ಸೂಜಿ ಇಳಿಯುವ ತೂತಿರುವ ಪ್ಲೇಟ್ ಬಿಚ್ಚಿ, ಕೈಯಲ್ಲೇ ಚಕ್ರ ತಿರುಗಿಸಿ ನೋಡಿ. ಸೂಜಿ ತೀರಾ ಕೆಳಗೆ ಹೋಗಿ, ಅಲ್ಲಿಂದ ಸ್ವಲ್ಪ ಮೇಲೆದ್ದಾಗ ಹುಕ್‌ನ ಮೊನೆ ಸೂಜಿ ಹತ್ತಿರ ಬರುತ್ತದೆ. ಆ ಹೊತ್ತಿಗೆ ಅದು ಸೂಜಿಯ ಕಣ್ಣಿಗಿಂತ ತುಸು ಮೇಲೆ, ಹಿಂಬದಿಯಲ್ಲಿ ಕೆತ್ತಿದ ತಗ್ಗು ಇರುತ್ತದಲ್ಲ, ಅದರೊಳಗೆ ಹಾದುಹೋಗಬೇಕು. ಕಣ್ಣಿನ ನೇರಕ್ಕೋ ಕೆಳಗೋ ಬಂದರೆ ದಾರ ಸಿಗುವುದಿಲ್ಲ. ಹಿಂದೆ ಯಾವಾಗಲಾದರೂ ಸೂಜಿ ಬಕಲ್‌ಗೆ, ರಿವೆಟ್‌ಗೆ ಬಡಿದಿತ್ತಾ? ಬಡಿದಿದ್ದರೆ ಸೂಜಿ ಬಾರ್ ಒಂದು ಕೂದಲೆಳೆಯಷ್ಟು ಮೇಲೆ ಸರಿದಿರುವ ಸಾಧ್ಯತೆ ಇದೆ, ಅಷ್ಟೇ ಸಾಕು. ಹುಕ್ ಮೊನೆಯ ಮೇಲೆ ಉಗುರು ಆಡಿಸಿ ನೋಡಿ. ಎಲ್ಲಾದರೂ ತೊಡಕಿದರೆ ನಯವಾದ ಸಾಣೆಕಲ್ಲಿನಲ್ಲಿ ಹಗುರವಾಗಿ ಉಜ್ಜಿ ನುಣುಪು ಮಾಡಿ, ಮೊನೆಯ ಆಕಾರ ಮಾತ್ರ ಕೆಡಿಸಬೇಡಿ.

ಜೀನುಲಗಾಮು:

ಎಣ್ಣೆಡಬ್ಬಿಯವರು ಹೇಳಿದಂತೆ ಪ್ಲೇಟ್ ಬಿಚ್ಚಿ ನೋಡುವುದು ಒಳ್ಳೆಯದೇ. ಆದರೆ ದಯವಿಟ್ಟು ಹುಕ್‌ನ ಸ್ಕ್ರೂ ಸಡಿಲಿಸಬೇಡಿ, ಇನ್ನೂ ಆ ಹಂತ ಬಂದಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಅರ್ಧ ಇದೆ: ಗಟ್ಟಿ ಚರ್ಮದಲ್ಲಿ ಒಂದೂ ತಪ್ಪುವುದಿಲ್ಲ ಅಂದಿರಿ. ಟೈಮಿಂಗ್ ಕೆಟ್ಟಿದ್ದರೆ ಅಲ್ಲೂ ತಪ್ಪಬೇಕಿತ್ತು. ಅದೇ ಸೂಜಿ, ಅದೇ ದಾರ, ಅದೇ ಹುಕ್. ಬದಲಾಗಿರುವುದು ಚರ್ಮ ಒಂದೇ.

ಹುಕ್ ಹಿಡಿಯುವುದು ಕುಣಿಕೆಯನ್ನು. ಆ ಕುಣಿಕೆ ಹೇಗೆ ಹುಟ್ಟುತ್ತದೆ ಅಂತ ಒಮ್ಮೆ ಯೋಚಿಸಿ. ಸೂಜಿ ಕೆಳಗೆ ಹೋಗುವಾಗ ದಾರವನ್ನು ಎಳೆದುಕೊಂಡು ಹೋಗುತ್ತದೆ. ಮೇಲೆ ಬರಲು ಶುರು ಮಾಡಿದಾಗ ಒಂದು ಬದಿಯ ದಾರ ಸೂಜಿಯ ಉದ್ದನೆಯ ತೋಡಿನಲ್ಲಿ ಅಡಗಿ ಸಲೀಸಾಗಿ ಮೇಲೆ ಜಾರುತ್ತದೆ. ಹುಕ್ ಕಡೆಯ ದಾರವನ್ನು ಚರ್ಮ ಕಚ್ಚಿ ಹಿಡಿಯುತ್ತದೆ. ಸೂಜಿ ಏರಿತು, ದಾರ ಏರಲಿಲ್ಲ, ಉಳಿದ ದಾರ ಪಕ್ಕಕ್ಕೆ ಉಬ್ಬಿ ಕುಣಿಕೆ ಆಯಿತು. ಅಂದರೆ ಕುಣಿಕೆ ಹುಟ್ಟಬೇಕಾದರೆ ಚರ್ಮ ಅಲುಗಾಡದೆ ಕೂತಿರಬೇಕು. ಮೆತ್ತನೆಯ ಚರ್ಮ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆದ್ದರೆ ದಾರವೂ ಜೊತೆಗೇ ಏಳುತ್ತದೆ. ಆಗ ಉಬ್ಬುವುದಕ್ಕೆ ಮಿಕ್ಕ ದಾರವೇ ಇರುವುದಿಲ್ಲ. ಸಾಮಾನ್ಯ ಹೊಲಿಗೆ ಮೆಷಿನ್‌ಗಳಲ್ಲಿ ಹುಕ್ ಬಂದು ತಲುಪುವ ಹೊತ್ತಿಗೆ ಸೂಜಿ ಏರಿರುವುದು 2 ಮಿಮೀ ಆಸುಪಾಸು. ನಮ್ಮ ದೊಡ್ಡ ಮೆಷಿನ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಇದ್ದರೂ, ಚರ್ಮವೇ ಒಂದೆರಡು ಮಿಮೀ ಎದ್ದರೆ ಕುಣಿಕೆ ಸೊರಗಿಬಿಡುತ್ತದೆ. ಹುಕ್ ಸರಿಯಾದ ಸಮಯಕ್ಕೇ ಬಂದಿದೆ, ಹಿಡಿಯಲು ಏನೂ ಸಿಗದೆ ಖಾಲಿ ಹೋಗಿದೆ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಮೋಟಾರ್ ಆಫ್ ಮಾಡಿ, ಪ್ಲಗ್ಗೂ ತೆಗೆಯಿರಿ. ಆ ನಾಲ್ಕು ಪದರದ ಮೆಟ್ಟಿಲನ್ನೇ ಫುಟ್ ಕೆಳಗಿಟ್ಟು ಕೈಯಲ್ಲಿ ಚಕ್ರ ತಿರುಗಿಸುತ್ತಾ ಸೂಜಿ ಏಳುವ ಗಳಿಗೆಯಲ್ಲಿ ಚರ್ಮವನ್ನೇ ನೋಡಿ. ಗುಡಾರದ ಹಾಗೆ ಮೇಲೆದ್ದರೆ ಕಾರಣ ಅದೇ. ಒಂದು ಮರದ ಕಡ್ಡಿಯಲ್ಲಿ ಸೂಜಿಯ ಪಕ್ಕದಲ್ಲೇ ಚರ್ಮವನ್ನು ಒತ್ತಿ ಹಿಡಿದು ಇನ್ನೊಮ್ಮೆ ತಿರುಗಿಸಿ, ಬೆರಳು ಮಾತ್ರ ಬೇಡ. ಆಗ ಹೊಲಿಗೆ ಬಿದ್ದರೆ ಟೈಮಿಂಗ್ ಮಾತನ್ನು ಸದ್ಯಕ್ಕೆ ಬದಿಗಿಡಿ.

ಹಾಗಿದ್ದರೆ ಮೊದಲು ಫುಟ್‌ನ ಒತ್ತಡ ಹೆಚ್ಚಿಸಿ. ಒತ್ತಡ ಜಾಸ್ತಿಯಾದರೆ ಮೆತ್ತನೆಯ ಚರ್ಮದ ಮೇಲೆ ಗುರುತು ಬೀಳುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ, ಅದು ನಿಜ ಕೂಡ. ಹಲ್ಲಿರುವ ಫುಟ್ ಇದ್ದರೆ ತೆಗೆದು ನುಣುಪಾದದ್ದು ಹಾಕಿ. ಆಮೇಲೆ ಪ್ಲೇಟ್ ನೋಡಿ. ಚರ್ಮವನ್ನು ಕೆಳಗಿನಿಂದ ಸರಿಸುವ ಫೀಡ್ ಡಾಗ್ ಆಡುವುದಕ್ಕೆ ಅಂತ ಪ್ಲೇಟ್‌ನಲ್ಲಿ ಅಗಲವಾದ ಸೀಳು ಇದ್ದರೆ ಮೆತ್ತನೆಯ ಚರ್ಮ ಸೂಜಿ ಇಳಿಯುವಾಗ ಅದರೊಳಗೆ ಕುಸಿಯುತ್ತದೆ, ಏಳುವಾಗ ಅಷ್ಟೇ ಮೇಲೆ ಬರುತ್ತದೆ. ಮೇಲಿನಿಂದ ನೋಡಿದರೆ ಚರ್ಮ ಎದ್ದಂತೆಯೇ ಕಾಣುವುದಿಲ್ಲ, ಅದಕ್ಕೇ ಇದು ಬೇಗ ಸಿಕ್ಕಿಬೀಳದ ಕಾರಣ. ಕಿರಿದಾದ ತೂತಿನ ಪ್ಲೇಟ್ ಇದ್ದರೆ ಈ ಕೆಲಸಕ್ಕೆ ಅದನ್ನೇ ಹಾಕಿ.

ಮೆಟ್ಟಿಲು ಹತ್ತುವ ಜಾಗದ ವಿಷಯ ಇನ್ನೂ ಸರಳ. ಫುಟ್‌ನ ಮುಂದಿನ ತುದಿ ದಪ್ಪದ ಮೇಲೆ ಹತ್ತಿದ ತಕ್ಷಣ ಇಡೀ ಫುಟ್ ಓರೆಯಾಗಿ ಸೂಜಿಯ ಪಕ್ಕದಲ್ಲಿ ಹಿಡಿತವೇ ಇರುವುದಿಲ್ಲ. ಅಷ್ಟೇ ದಪ್ಪದ ಚರ್ಮದ ತುಂಡನ್ನು ಫುಟ್‌ನ ಹಿಂಭಾಗಕ್ಕೆ ಕೊಡಿ, ಮಟ್ಟವಾಗುತ್ತದೆ. ಇಲ್ಲವೇ ಹಿಡಿಕೆಯ ಅಂಚನ್ನು ಒಳಬದಿಯಿಂದ ಇಳಿಜಾರಾಗಿ ಕೆತ್ತಿ ತೆಳುಮಾಡಿ, ಮೆಟ್ಟಿಲೇ ಇಲ್ಲದಂತಾಗುತ್ತದೆ. ನನಗೆ ಇಷ್ಟವಾದ ದಾರಿ ಇದೇ. ನೋಡಲೂ ಚಂದ, ಬಾಳಿಕೆಯೂ ಹೆಚ್ಚು.

ಸೂಜಿಕಣ್ಣು:

ಮೇಲಿನ ಮಾತೆಲ್ಲ ಸರಿ. ನಾನು ಸೇರಿಸುವುದು ಚೆಕ್ ಸ್ಪ್ರಿಂಗ್ ಬಗ್ಗೆ, ಯಾಕೆಂದರೆ ಅದನ್ನು ಯಾರೂ ನೋಡುವುದೇ ಇಲ್ಲ. ಅದರ ಕೆಲಸ ಸೂಜಿ ಇಳಿಯುವಾಗ ದಾರ ಜೋಲದಂತೆ ಹಿಡಿಯುವುದು, ಇಲ್ಲದಿದ್ದರೆ ಸೂಜಿ ತನ್ನ ದಾರವನ್ನೇ ಚುಚ್ಚಿಬಿಡುತ್ತದೆ. ಸೂಜಿಯ ಕಣ್ಣು ಚರ್ಮ ಮುಟ್ಟುವ ಹೊತ್ತಿಗೆ ಸ್ಪ್ರಿಂಗ್ ತನ್ನ ತಡೆಗೆ ಬಂದು ಕೂತು ದಾರವನ್ನು ಬಿಟ್ಟುಬಿಡಬೇಕು. ಸೂಜಿ ಕೆಳಗಿದ್ದಾಗಲೂ ಎಳೆಯುತ್ತಲೇ ಇದ್ದರೆ ಜೀನುಲಗಾಮು ಅವರು ಹೇಳಿದ ಕುಣಿಕೆಯ ದಾರವನ್ನು ಅದೇ ಮೇಲಕ್ಕೆ ಕಸಿದುಕೊಳ್ಳುತ್ತದೆ. ಚರ್ಮ ದಪ್ಪವಾದಷ್ಟೂ ಸೂಜಿಯ ಕಣ್ಣು ಬೇಗ ಚರ್ಮ ಮುಟ್ಟುತ್ತದೆ, ಹಾಗಾಗಿ ಸ್ಪ್ರಿಂಗ್ ಕೂಡ ಬೇಗ ಬಿಡಬೇಕು. ತೆಳು ಜಾಗಕ್ಕೆ ಹೊಂದಿಸಿಟ್ಟು ದಪ್ಪಕ್ಕೆ ಹತ್ತಿದರೆ ಅಲ್ಲೇ ತಪ್ಪುತ್ತದೆ. ತಡೆಯ ಸ್ಕ್ರೂ ಒಂದು ಚೂರು ಸರಿಸಿ ನೋಡಿ. ಇದು ಟೈಮಿಂಗ್ ಅಲ್ಲ, ವಾಪಸ್ ತರುವುದು ಕಷ್ಟವಿಲ್ಲ.

ದಾರವನ್ನೂ ನೋಡಿ. ಒಂದು ತುಂಡು ಅಡ್ಡಡ್ಡ ಹಿಡಿದು, ಎಡಗೈ ಅಲುಗಿಸದೆ, ಬಲಗೈ ಹೆಬ್ಬೆರಳಿನಿಂದ ನಿಮ್ಮ ಕಡೆಗೆ ಹೊರಳಿಸಿ. ಎಳೆಗಳು ಬಿಗಿಯಾದರೆ ಅದು ಮೆಷಿನ್‌ಗೆ ಬೇಕಾದ ಎಡ ತಿರುವಿನ ದಾರ. ಬಿಚ್ಚಿಕೊಂಡರೆ ಬಲ ತಿರುವು, ಹೊಲಿಯುತ್ತಾ ಹೊಲಿಯುತ್ತಾ ಎಳೆ ಸಡಿಲಾಗಿ ಕುಣಿಕೆ ಓರೆಯಾಗಿ ಬೀಳುತ್ತದೆ. ದಾರ ಕೋನ್‌ನಿಂದ ನೇರವಾಗಿ ಮೇಲಕ್ಕೆ ಎದ್ದು ಬರಬೇಕು, ಪಕ್ಕಕ್ಕೆ ಎಳೆದರೆ ಸುರುಳಿ ಸುತ್ತಿಕೊಳ್ಳುತ್ತದೆ. ಇನ್ನೊಂದು, ಪದರಗಳ ನಡುವೆ ಹಚ್ಚುವ ಅಂಟು ಪೂರ್ತಿ ಒಣಗಿದೆಯಾ? ಹಸಿ ಅಂಟು ಸೂಜಿಗೆ ಮೆತ್ತಿಕೊಂಡರೆ ಚರ್ಮ ಸೂಜಿಯನ್ನು ಬಿಡುವುದೇ ಇಲ್ಲ.

ಬೆಲ್ಟುಬ್ಯಾಗು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಡ್ಡಿಯ ಪರೀಕ್ಷೆ ಮಾಡಿದೆ. ಕೈಯಲ್ಲಿ ಚಕ್ರ ತಿರುಗಿಸುವಾಗ ಚರ್ಮ ಏಳುವುದು ಕಣ್ಣಿಗೇ ಕಾಣುತ್ತದೆ, ಅದೂ ಮೆಟ್ಟಿಲಿನ ಬುಡದಲ್ಲಿ ಬಹಳ. ಒತ್ತಿ ಹಿಡಿದರೆ ಹೊಲಿಗೆ ಬಿದ್ದಿತು. ಫುಟ್ ಹಿಂದೆ ಚರ್ಮದ ತುಂಡು ಕೊಟ್ಟು, ಒತ್ತಡ ಸ್ವಲ್ಪ ಹೆಚ್ಚಿಸಿ, ಕಿರಿದಾದ ಪ್ಲೇಟ್ ಹಾಕಿದ ಮೇಲೆ 277 ದಾರದಲ್ಲಿ ಹಿಡಿಕೆಗಳು ಸರಿಯಾಗಿ ಬರುತ್ತಿವೆ. ದಾರ ಎಡ ತಿರುವಿನದೇ. ಸ್ಪ್ರಿಂಗ್ ಇನ್ನೂ ಮುಟ್ಟಿಲ್ಲ.

ಆದರೆ 138 ದಾರ, 160 ಸೂಜಿಯಲ್ಲಿ ಈಗಲೂ ಬಿಡುತ್ತಿದೆ. ಮೊದಲಿಗಿಂತ ಕಡಿಮೆ, ಆದರೂ ಸಮತಟ್ಟು ಜಾಗದಲ್ಲೇ ಬಿಡುತ್ತದೆ.

ಎಣ್ಣೆಡಬ್ಬಿ:

ಒಳ್ಳೆಯದಾಯಿತು. 138ರ ವಿಷಯದಲ್ಲಿ ಮಾತ್ರ ಹುಕ್ ಕಡೆಗೇ ನೋಡಬೇಕು ಅನ್ನುತ್ತೇನೆ. ಸೂಜಿಯ ನಂಬರ್ ಅಂದರೆ ಅದರ ದಪ್ಪ, 200 ಅಂದರೆ 2 ಮಿಮೀ, 160 ಅಂದರೆ 1.6 ಮಿಮೀ. ಸೂಜಿ ನಿಲ್ಲುವ ನಡುಗೆರೆ ಅದೇ, ಹುಕ್ ಓಡುವ ದಾರಿಯೂ ಅದೇ. ಆದ್ದರಿಂದ ಸೂಜಿ ತೆಳುವಾದಾಗ ಅದರ ಮೈ ಹುಕ್‌ನಿಂದ ಸುಮಾರು 0.2 ಮಿಮೀ ದೂರ ಸರಿಯುತ್ತದೆ. ಹುಕ್ ಮೊನೆಗೂ ಸೂಜಿಗೂ ನಡುವೆ ತೆಳು ಕಾಗದದಷ್ಟು ಅಂತರ ಇರಬೇಕಾದ ಕಡೆ 0.2 ಅಂದರೆ ಬಹಳ ದೊಡ್ಡದು. ಮೇಲಾಗಿ 138 ದಾರದ ಕುಣಿಕೆಯೂ ಸಣ್ಣದು.

ಮೊದಲು 180 ಸೂಜಿಗೆ ಅದೇ 138 ದಾರ ಹಾಕಿ ಒಂದು ತುಂಡಿನ ಮೇಲೆ ಹೊಲಿಯಿರಿ. ತೂತು ಸ್ವಲ್ಪ ದೊಡ್ಡದಾಗಿ ಕಾಣಬಹುದು, ಗಂಟು ಮೇಲೆ ಇಣುಕಿದರೆ ಟೆನ್ಶನ್ ತುಸು ಸರಿಮಾಡಿ. ಹೊಲಿಗೆ ಬಿಡುವುದು ನಿಂತರೆ ಕಾರಣ ಅಂತರವೇ. ಆಗ ನಿಮ್ಮ ಮುಂದೆ ಎರಡು ದಾರಿ. ತೆಳು ಕೆಲಸಕ್ಕೆ ಯಾವಾಗಲೂ 180 ಸೂಜಿಯಲ್ಲೇ ಇರಿ, ಇಲ್ಲ ಹುಕ್ ಹತ್ತಿರ ತರಿಸಿ. ಹತ್ತಿರ ತಂದ ಮೇಲೆ 200 ಸೂಜಿ ವಾಪಸ್ ಹಾಕಿದರೆ ಹುಕ್ ಅದನ್ನು ಉಜ್ಜುತ್ತದೆ, ಮೊನೆ ಹೋಗುತ್ತದೆ. ಜಾಸ್ತಿ ಕೆಲಸ 277ರಲ್ಲೇ ಆಗುವುದಾದರೆ ಮೊದಲನೇ ದಾರಿಯೇ ವಾಸಿ.

ಜೀನುಲಗಾಮು:

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. 138 ದಾರ ಬೇಕಾಗುವಷ್ಟು ತೆಳು ಕೆಲಸ ತುಂಬಾ ಇದ್ದರೆ ಅದಕ್ಕೆ ಈ ಗಾತ್ರದ ಮೆಷಿನ್ ಸರಿಯಾದ ಜೋಡಿ ಅಲ್ಲ, ಮಧ್ಯಮ ಗಾತ್ರದ ವಾಕಿಂಗ್ ಫುಟ್ ಮೆಷಿನ್ ಬೇರೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಲ್ಟುಬ್ಯಾಗು ಅವರೇ, ಹಿಡಿಕೆಗೆ ಹೆಚ್ಚಿಸಿದ ಫುಟ್ ಒತ್ತಡವನ್ನು ಬೆಲ್ಟ್ ಹೊಲಿಯುವಾಗ ಇಳಿಸುವುದು ಮರೆಯಬೇಡಿ. ಹಿಡಿಕೆಗೊಂದು ಬೆಲ್ಟ್‌ಗೊಂದು, ಎರಡೂ ಒತ್ತಡದ ಗುರುತನ್ನು ಸ್ಕ್ರೂ ಪಕ್ಕದಲ್ಲಿ ಮಾರ್ಕರ್‌ನಲ್ಲಿ ಗೀಚಿಟ್ಟುಕೊಳ್ಳಿ, ಪ್ರತಿಸಲ ಹುಡುಕುವ ಕೆಲಸ ತಪ್ಪುತ್ತದೆ. ಹೊಸ ಬಗೆಯ ಚರ್ಮ ಬಂದಾಗಲೆಲ್ಲ ಅದರದ್ದೇ ಒಂದು ಚೂರನ್ನು ಅಷ್ಟೇ ಪದರ ಮಾಡಿ ಮೊದಲು ಅದರ ಮೇಲೆ ಹೊಲಿದು ನೋಡಿ.