ಕೀಬೋರ್ಡ್ ಸ್ವಿಚ್ ಬಿಚ್ಚಿ ಗ್ರೀಸ್ ಹಚ್ಚಿದವರು ಯಾರಾದರೂ ಇದ್ದೀರಾ?

ಕೇಳಿದವರು: ಮಂಡ್ಯ, ವಿದ್ಯಾನಗರ

ಡಿಟಿಪಿ ಕೆಲಸ ನನ್ನದು. ಅಫಿಡವಿಟ್, ಕ್ರಯಪತ್ರ, ಲಗ್ನಪತ್ರಿಕೆ, ಎಲ್ಲಾ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲೇ. ದಿನವಿಡೀ ಹೊಡೆದು ಬೆರಳು ನೋಯುತ್ತದೆ ಅಂತ ಮೆಕ್ಯಾನಿಕಲ್ ಕೀಬೋರ್ಡ್ ತೆಗೆದುಕೊಂಡೆ. ಪ್ರತಿ ಕೀ ಕೆಳಗೂ ಒಂದೊಂದು ಸ್ವಿಚ್ ಇರುವಂಥದ್ದು. 87 ಕೀ, ರೆಡ್ ಲೀನಿಯರ್ ಸ್ವಿಚ್ (ನಡುವೆ ಉಬ್ಬು, ಕಟಕಟ ಇಲ್ಲದೆ ನೇರ ಇಳಿಯುವಂಥದ್ದು), ಹಾಟ್‌ಸ್ವಾಪ್ (ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಹಾಕುವಂಥದ್ದು). ಬೆರಳಿಗೆ ಹಗುರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೀ ನಿಧಾನಕ್ಕೆ ಒತ್ತಿದರೆ ಒಳಗೆ ಮರಳು ಸೇರಿಕೊಂಡ ಹಾಗೆ ಗರಗರ ಅನ್ನುತ್ತದೆ. ಬೆರಳು ಎತ್ತಿದರೆ ಟಿಣ್ ಅಂತ ಸದ್ದು. ಸ್ಪೇಸ್‌ಬಾರ್, ಶಿಫ್ಟ್ ಅಂತೂ ಲೊಡಲೊಡ. ರಾತ್ರಿ ಮನೆಯಲ್ಲಿ ಕೆಲಸಕ್ಕೆ ಕೂತರೆ ಮಗು ಏಳುತ್ತದೆ.

ಸ್ವಿಚ್ ಬಿಚ್ಚಿ ಗ್ರೀಸ್ ಹಚ್ಚಿದರೆ ಎಲ್ಲಾ ಸರಿಹೋಗುತ್ತದೆ ಅಂತಾರೆ. ಪಕ್ಕದ ಅಂಗಡಿಯವರು ಹೊಲಿಗೆ ಮೆಷಿನ್ ಎಣ್ಣೆ ಎರಡು ತೊಟ್ಟು ಬಿಡಿ ಸಾಕು ಅಂತಾರೆ. ಮಾಡಿ ನೋಡಿದವರು ಹೇಳಿ. ಅಷ್ಟು ಕಷ್ಟಪಟ್ಟರೆ ಫಲ ಇದೆಯಾ?

ಮೈಸೂರು, ಸರಸ್ವತಿಪುರಂ

ಮೊದಲು ಆ ಎಣ್ಣೆ ಡಬ್ಬಿ ಪಕ್ಕಕ್ಕಿಡಿ ಸರ್. ಹೊಲಿಗೆ ಮೆಷಿನ್ ಎಣ್ಣೆ ತೀರಾ ತೆಳು. ಒಂದೇ ಕಡೆ ನಿಲ್ಲುವುದಿಲ್ಲ, ಹರಿದು ಹೋಗಿ ತಾಮ್ರದ ಲೀಫ್ (ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗಿ ಅಕ್ಷರ ಬೀಳಿಸುವ ತಗಡು) ಹತ್ತಿರ ಸೇರುತ್ತದೆ, ಧೂಳು ಹಿಡಿಯುತ್ತದೆ. ಡಬ್ಲ್ಯೂಡಿ-40 ಕೂಡ ಬೇಡ. ಅದು ತುಕ್ಕು ಬಿಡಿಸಲು ಸರಿ, ಸ್ವಿಚ್ಚಿನ ಪ್ಲಾಸ್ಟಿಕ್ಕಿಗೆ ಅಲ್ಲ. ಕೊಬ್ಬರಿ ಎಣ್ಣೆ ಅಂತ ಯಾರಾದರೂ ಹೇಳಿದರೆ ತಲೆಗೆ ಹಚ್ಚಿಕೊಳ್ಳಿ.

ಇದಕ್ಕೆ ಅಂತಲೇ ಜನ ಬಳಸುವುದು ಕ್ರೈಟಾಕ್ಸ್ 205 ಗ್ರೇಡ್ 0. ಬಿಳಿ ಗ್ರೀಸ್. ಪ್ಲಾಸ್ಟಿಕ್ಕಿಗೆ ತೊಂದರೆ ಕೊಡುವುದಿಲ್ಲ, ಒಣಗುವುದಿಲ್ಲ. ಐದು ಎಂಎಲ್ ಡಬ್ಬಿ ತರಿಸಿದರೆ ನಿಮ್ಮ ಇಡೀ ಬೋರ್ಡಿಗೆ ಹಚ್ಚಿ ಇನ್ನೂ ಉಳಿಯುತ್ತದೆ.

ಮೈಸೂರು, ಕುವೆಂಪುನಗರ

ನಾನೂ ಕನ್ನಡ ಟೈಪಿಂಗಿನವಳೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಹೇಳಿದ ಮೂರು ಸದ್ದೂ ಬೇರೆ ಬೇರೆ ಜಾಗದಿಂದ ಬರುವುದು. ಗರಗರ ಬರುವುದು ಸ್ಟೆಮ್ಮಿನ (ಒತ್ತಿದಾಗ ಕೆಳಗಿಳಿಯುವ ನಡುವಿನ ತುಂಡು) ಪಕ್ಕ ಹೌಸಿಂಗಿನ (ಸ್ವಿಚ್ಚಿನ ಹೊರಗಿನ ಪ್ಲಾಸ್ಟಿಕ್ ಕವಚ) ಒಳಗಿನ ಗೋಡೆಗೆ ಉಜ್ಜಿ. ಟಿಣ್ ಅನ್ನುವುದು ಸ್ಪ್ರಿಂಗ್. ಲೊಡಲೊಡ ಸ್ವಿಚ್ಚಿನದ್ದೇ ಅಲ್ಲ, ಸ್ಟೆಬಿಲೈಸರಿನದು. ಉದ್ದ ಕೀಗಳು ಓರೆಯಾಗದ ಹಾಗೆ ಎರಡು ಬದಿಯನ್ನೂ ಹಿಡಿದಿರುವ ತಂತಿ ಇದೆಯಲ್ಲ, ಅದು ತನ್ನ ಗೂಡಿನಲ್ಲಿ ಸಡಿಲವಾಗಿ ಕುಣಿಯುತ್ತದೆ. 87 ಸ್ವಿಚ್ಚಿಗೂ ಗ್ರೀಸ್ ಹಚ್ಚಿ ಮುಗಿಸಿದರೂ ಶಿಫ್ಟ್ ಲೊಡಲೊಡ ಅನ್ನುತ್ತಲೇ ಇರುತ್ತದೆ. ಆದ್ದರಿಂದ ಸ್ಟೆಬಿಲೈಸರಿನಿಂದ ಶುರುಮಾಡಿ. ನಿಮ್ಮ ಬೋರ್ಡಿನಲ್ಲಿ ಅವು ಇರುವುದು ಐದೇ ಕೀಗೆ: ಸ್ಪೇಸ್‌ಬಾರ್, ಎಂಟರ್, ಬ್ಯಾಕ್‌ಸ್ಪೇಸ್, ಎರಡು ಶಿಫ್ಟ್.

ಇಂಗ್ಲಿಷ್ ಟೈಪ್ ಮಾಡುವವರು ಸ್ಪೇಸ್‌ಬಾರ್ ಸರಿಮಾಡಿ ಸುಮ್ನಾಗುತ್ತಾರೆ. ನಮಗೆ ಅದು ಸಾಲದು. ನುಡಿಯ ಕೀಲಿಮಣೆಯಲ್ಲಿ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್, ಣ ಮತ್ತು ಳಕ್ಕೂ ಶಿಫ್ಟ್. 'ಕಾಲ' ಅನ್ನುವ ಎರಡಕ್ಷರಕ್ಕೇ ಒಂದು ಶಿಫ್ಟ್ ಬೇಕು. ಒಂದು ಕ್ರಯಪತ್ರದಲ್ಲಿ ಎಷ್ಟು ಸಲ ಒತ್ತುತ್ತೀರಿ ಅಂತ ನೀವೇ ಲೆಕ್ಕ ಹಾಕಿ. ಹಾಗೇ ಎಫ್ ಕೀ. ಒತ್ತಕ್ಷರ ಬಂದಾಗಲೆಲ್ಲ ಅದು ಬೇಕೇ ಬೇಕು. 'ಅಕ್ಕ' ಅಂದರೆ ಎ, ಕೆ, ಎಫ್, ಕೆ. ನನ್ನ ಬೋರ್ಡಿನಲ್ಲಿ ಮೊದಲು ಸವೆದು ಹೊಳಪು ಬಂದದ್ದು ಎಫ್ ಕೀಕ್ಯಾಪಿಗೇ. ಹಾಗಾಗಿ ಎಲ್ಲಾ ಸ್ವಿಚ್ ಬಿಚ್ಚುವ ಮೊದಲು ಎಫ್, ಎ ಮತ್ತು ಅವುಗಳ ಪಕ್ಕದ ಒಂದೆರಡು ಕೀ ಮಾತ್ರ ಮಾಡಿ. ಮಾಡದ ಕೀ ಪಕ್ಕದಲ್ಲೇ ಇರುವುದರಿಂದ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಒಂದು ದಿನ ಕೆಲಸ ಮಾಡಿ ನೋಡಿ. ವ್ಯತ್ಯಾಸವೇ ಇಲ್ಲ ಅನ್ನಿಸಿದರೆ ಅಲ್ಲಿಗೇ ಬಿಡಿ, ಬಾಕಿ ಸಮಯ ಉಳಿಯಿತು.

ಸ್ಟೆಬಿಲೈಸರ್ ತಂತಿ ಗೂಡಿಗೆ ಸೇರುವ ಎರಡು ತುದಿಗೆ ಗಟ್ಟಿ ಗ್ರೀಸ್ ಬೇಕು. ಡೈಎಲೆಕ್ಟ್ರಿಕ್ ಗ್ರೀಸ್ ಅಂತ ಸಿಗುತ್ತದೆ, ಅದು ಸರಿ. ಇಲ್ಲಿ ಕೈ ಬಿಗಿ ಮಾಡಬೇಡಿ, ಧಾರಾಳವಾಗಿ ಹಚ್ಚಿ. ಬಿಚ್ಚಲು ಧೈರ್ಯ ಇಲ್ಲದಿದ್ದರೆ ಮೆಡಿಕಲ್ ಸ್ಟೋರಿನ ಸಣ್ಣ ಸಿರಿಂಜಿನಲ್ಲಿ ಮೇಲಿನಿಂದಲೇ ತುಂಬಬಹುದು.

ಸ್ವಿಚ್ಚಿಗೆ ಇದರ ಉಲ್ಟಾ. ಕಮ್ಮಿ ಹಚ್ಚಿದಷ್ಟೂ ಒಳ್ಳೆಯದು. ಡ್ರಾಯಿಂಗ್ ಸಾಮಾನಿನ ಅಂಗಡಿಯಲ್ಲಿ 0 ಅಥವಾ 00 ನಂಬರಿನ ಬ್ರಷ್ ತನ್ನಿ. ಅದರ ತುದಿ ಗ್ರೀಸಿಗೆ ತಾಗಿಸಿ, ಡಬ್ಬಿಯ ಅಂಚಿಗೆ ಒರೆಸಿ, ಆಮೇಲೆ ಹಚ್ಚಿ. ಕೆಳಗಿನ ಹೌಸಿಂಗಿನಲ್ಲಿ ಸ್ಟೆಮ್ ಜಾರುವ ಎರಡು ಹಳಿಗೆ, ಸ್ಟೆಮ್ಮಿನ ನಾಲ್ಕು ಬದಿಗೆ. ಬೆಳಕಿಗೆ ಹಿಡಿದರೆ ತುಸು ಹೊಳೆಯಬೇಕು, ಬಿಳಿ ಮುದ್ದೆ ಎಲ್ಲೂ ಕಾಣಬಾರದು. ಜಾಸ್ತಿ ಆದರೆ ಕೀ ಮೇಲೆ ಬರುವುದೇ ನಿಧಾನ, ಕೆಸರಿನಲ್ಲಿ ಕಾಲು ಎತ್ತಿದ ಅನುಭವ. ಮೇಲಿನ ಪ್ಲಸ್ ಆಕಾರದ ತುದಿಗೆ ಹಚ್ಚಬೇಡಿ, ಕೀಕ್ಯಾಪ್ ಕೂರುವ ಜಾಗ ಅದು. ತಾಮ್ರದ ಲೀಫ್ ಒಂದಕ್ಕೊಂದು ತಾಗುವ ಜಾಗಕ್ಕೂ ಬೇಡ. ಅಲ್ಲಿ ಗ್ರೀಸ್ ಸೇರಿದರೆ ಒಂದು ಸಲ ಒತ್ತಿದರೆ ಎರಡಕ್ಷರ ಬೀಳುವುದು, ಇಲ್ಲ ಅಕ್ಷರವೇ ಬೀಳದಿರುವುದು ಶುರುವಾಗುತ್ತದೆ.

ಸ್ಪ್ರಿಂಗಿಗೆ ಬ್ರಷ್ ಬೇಡ. ಎಲ್ಲಾ ಸ್ಪ್ರಿಂಗನ್ನೂ ಜಿಪ್ ಕವರಿಗೆ ಹಾಕಿ, ಕ್ರೈಟಾಕ್ಸ್ 105 ಎಣ್ಣೆ ಕೆಲವು ತೊಟ್ಟು ಬಿಟ್ಟು, ಗಾಳಿ ತುಂಬಿಸಿ ಚೆನ್ನಾಗಿ ಕುಲುಕಿ. ಟಿಣ್ ಅನ್ನುವುದು ಅಷ್ಟಕ್ಕೇ ಹೋಗುತ್ತದೆ.

ಮತ್ತೆ ಮುಚ್ಚುವಾಗ ಸ್ಟೆಮ್ಮಿನ ಎರಡು ಕಾಲು ಲೀಫಿನ ಕಡೆಗೇ ಇರಲಿ. ತಿರುಗಿಸಿ ಕೂರಿಸಿದರೆ ಸ್ವಿಚ್ ಕೆಲಸ ಮಾಡುವುದಿಲ್ಲ. ಕೈ ಪಳಗುವವರೆಗೆ ನಿಧಾನ, ಆಮೇಲೆ ಒಂದಕ್ಕೆ ಎರಡು ಮೂರು ನಿಮಿಷ. 87 ಕೀಗೆ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಒಂದೇ ಕೂತಿಗೆ ಮಾಡಬೇಡಿ, ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಮದ್ದೂರು

ಮೇಡಂ ಬರೆದದ್ದು ಲೀನಿಯರಿಗೆ ಸರಿ. ಓದುವವರಲ್ಲಿ ಬ್ರೌನ್ ಥರದ ಟ್ಯಾಕ್ಟೈಲ್ ಸ್ವಿಚ್ (ಒತ್ತುವಾಗ ನಡುವೆ ಉಬ್ಬು ತಾಗುವಂಥದ್ದು) ಇರುವವರು ಒಂದು ವಿಷಯ ನೋಡಿಕೊಳ್ಳಿ. ನಮ್ಮ ಸ್ವಿಚ್ಚಿನಲ್ಲಿ ಬೆರಳಿಗೆ ಸಿಗುವ ಆ ಉಬ್ಬು ಬರುವುದೇ ಸ್ಟೆಮ್ಮಿನ ಕಾಲು ಲೀಫಿಗೆ ತಾಗಿ. ಆ ಕಾಲಿಗೆ ಗ್ರೀಸ್ ಬಳಿದರೆ ಉಬ್ಬು ಸವೆದ ಹಾಗೆ ಆಗಿ ಟ್ಯಾಕ್ಟೈಲ್ ಹೋಗಿ ಲೀನಿಯರ್ ಆಗುತ್ತದೆ. ಕಾಲು ಬಿಟ್ಟು ಬೇರೆ ಬದಿಗೆ ಮಾತ್ರ ಹಚ್ಚಿ. 205 ದಪ್ಪ ಅನ್ನಿಸಿದರೆ ಟ್ರೈಬೋಸಿಸ್ 3203 ಇದೆ, ಅದು ತೆಳು. ಬ್ಲೂ ಥರ ಕಟಕಟ ಅನ್ನುವ ಸ್ವಿಚ್ಚಿಗೆ ಏನೂ ಹಚ್ಚದೆ ಬಿಡುವುದೇ ವಾಸಿ.

ಇನ್ನು ಫಿಲ್ಮ್ ಅಂತ ಮಾರುತ್ತಾರೆ. ಮೇಲಿನ ಹೌಸಿಂಗ್ ಮತ್ತು ಕೆಳಗಿನದರ ನಡುವೆ ಇಡುವ ತೆಳು ಹಾಳೆ, 0.15 ಮಿಲಿಮೀಟರ್ ಇರುತ್ತದೆ. ಸ್ವಿಚ್ ಕೈಯಲ್ಲಿ ಹಿಡಿದು ಮೇಲಿನ ಭಾಗ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಫಿಲ್ಮ್ ಕೆಲಸಕ್ಕೆ ಬರುತ್ತದೆ. ಗಟ್ಟಿಯಾಗಿದ್ದರೆ ಸುಮ್ನೆ ದುಡ್ಡು ದಂಡ, ಕೆಲವಕ್ಕೆ ಮುಚ್ಚಳ ಸರಿಯಾಗಿ ಕೂರುವುದೂ ಇಲ್ಲ.

ಮೈಸೂರು, ಜಯಲಕ್ಷ್ಮೀಪುರಂ

ನನ್ನದು ಬೇರೆ ಅಭಿಪ್ರಾಯ. ನಾಲ್ಕು ಗಂಟೆ ಕೂತು ಗ್ರೀಸ್ ಹಚ್ಚುವುದು ಹವ್ಯಾಸ ಇದ್ದವರಿಗೆ. ಅಣ್ಣ, ನಿಮ್ಮದು ಹಾಟ್‌ಸ್ವಾಪ್ ಬೋರ್ಡ್. ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಬೇರೆ ಹಾಕಬಹುದು. ಈಗ ಫ್ಯಾಕ್ಟರಿಯಲ್ಲೇ ಗ್ರೀಸ್ ಹಚ್ಚಿ ಬರುವ ಸ್ವಿಚ್ ಇವೆ, ಗೇಟ್ರಾನ್ ಜಿ ಪ್ರೋ ಸರಣಿ ಹಾಗೆ ಬರುವಂಥದ್ದು. ಈ ನಮೂನೆ ಸ್ವಿಚ್ಚನ್ನು 1980ರ ದಶಕದಲ್ಲಿ ತಂದದ್ದು ಚೆರ್ರಿ ಕಂಪನಿ. ಪೇಟೆಂಟ್ ಮುಗಿದ ಮೇಲೆ ಬೇರೆಯವರೂ ಅದೇ ಅಳತೆಗೆ ಮಾಡತೊಡಗಿದರು. ಹಾಗಾಗಿ ಒಂದು ಕಂಪನಿಯ ಬೋರ್ಡಿಗೆ ಇನ್ನೊಂದು ಕಂಪನಿಯ ಸ್ವಿಚ್ ಸಾಮಾನ್ಯವಾಗಿ ಕೂರುತ್ತದೆ. ಕೊಳ್ಳುವ ಮೊದಲು ಮೂರು ಪಿನ್ನಿನದೋ ಐದು ಪಿನ್ನಿನದೋ ಅಂತ ಮಾತ್ರ ನೋಡಿ. ಮೂರು ಪಿನ್ನಿನ ಬೋರ್ಡಿಗೆ ಐದರದ್ದು ಬಂದರೆ ಜಾಸ್ತಿ ಇರುವ ಎರಡು ಪ್ಲಾಸ್ಟಿಕ್ ಕಾಲನ್ನು ಕತ್ತರಿಸಬೇಕು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಗ್ರೀಸ್ ಹಚ್ಚಿದರೆ ಮಗು ಮಲಗುತ್ತದೆ ಅಂತ ನಂಬಬೇಡಿ! ಉಜ್ಜುವ ಸದ್ದು, ಟಿಣ್ ಸದ್ದು ಹೋಗುತ್ತದೆ, ನಿಜ. ಆದರೆ ಕೀ ತಳಕ್ಕೆ ಬಡಿಯುವ ಠಕ್ ಉಳಿಯುತ್ತದೆ. ರಾತ್ರಿಯಲ್ಲಿ ಗೋಡೆಯಾಚೆ ಕೇಳಿಸುವುದು ಅದೇ ಸದ್ದು. ಅದಕ್ಕೆ ಸ್ಟೆಮ್ಮಿನಲ್ಲಿ ರಬ್ಬರ್ ಇರುವ ಸೈಲೆಂಟ್ ಲೀನಿಯರ್ ಸ್ವಿಚ್ಚೇ ಬೇಕು. ತಳದಲ್ಲಿ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ. ಸದ್ಯಕ್ಕೆ ಕೀಬೋರ್ಡಿನ ಕೆಳಗೆ ದಪ್ಪ ಬಟ್ಟೆ ಅಥವಾ ಡೆಸ್ಕ್ ಮ್ಯಾಟ್ ಹಾಕಿ. ಮೇಜು ಮದ್ದಳೆಯಾಗುವುದಾದರೂ ತಪ್ಪುತ್ತದೆ.

ಮೈಸೂರು, ಕುವೆಂಪುನಗರ

ಸೈಲೆಂಟ್ ಸ್ವಿಚ್ ಮಾತು ಒಪ್ಪುತ್ತೇನೆ. ಆದರೆ ಹೊಸ ಸ್ವಿಚ್ ಹಾಕಿದರೂ ಸ್ಟೆಬಿಲೈಸರ್ ಹಳೆಯದೇ ಅಲ್ವಾ? ಐದು ಕೀ ಕೆಲಸ ಹೇಗೂ ಮಾಡಲೇಬೇಕು.

ಮಂಡ್ಯ, ಅಶೋಕನಗರ

ಸ್ವಿಚ್ ಕೀಳುವಾಗ, ಹಾಕುವಾಗ ಏನು ನೋಡಬೇಕು ಅಂತ ಹೇಳುತ್ತೇನೆ, ರಿಪೇರಿಗೆ ನಮ್ಮ ಹತ್ತಿರ ಬರುವುದೇ ಇಂಥ ಕೇಸು. ಯುಎಸ್‌ಬಿ ವೈರ್ ಮೊದಲು ತೆಗೆಯಿರಿ. ಪುಲ್ಲರನ್ನು (ಸ್ವಿಚ್ ಕೀಳುವ ಇಕ್ಕಳದಂಥ ಸಾಧನ) ಸ್ವಿಚ್ಚಿನ ಮೇಲಂಚು ಕೆಳಂಚು ಎರಡು ಕಡೆ ಕಚ್ಚಿಸಿ ನೇರ ಮೇಲಕ್ಕೆ ಎಳೆಯಿರಿ, ಅಲ್ಲಾಡಿಸಿ ಕೀಳಬೇಡಿ. ವಾಪಸ್ ಹಾಕುವ ಮೊದಲು ಎರಡು ತಾಮ್ರದ ಪಿನ್ ನೆಟ್ಟಗಿವೆಯಾ ನೋಡಿ. ಬಗ್ಗಿದ್ದರೆ ಚಿಮುಟದಲ್ಲಿ ನೆಟ್ಟಗೆ ಮಾಡಿ. ಸುಲಭಕ್ಕೆ ಒಳಗೆ ಹೋಗದಿದ್ದರೆ ಬಲ ಹಾಕಬೇಡಿ, ತೆಗೆದು ಮತ್ತೆ ನೋಡಿ. ಹಟಕ್ಕೆ ಒತ್ತಿದರೆ ಕೆಳಗಿನ ಸಾಕೆಟ್ಟೇ ಬೋರ್ಡಿನಿಂದ ಎದ್ದು ಬರುತ್ತದೆ, ಆಗ ಬೆಸುಗೆ ಹಾಕದೆ ಬೇರೆ ದಾರಿ ಇಲ್ಲ.

ಮನೆಯಲ್ಲಿ ಮಗು ಇದೆ ಅಂದಿರಿ. ಆ ಕ್ರೈಟಾಕ್ಸ್ ಗ್ರೀಸು ಮಗುವಿನ ಕೈಗೆ ಸಿಗದ ಹಾಗೆ ಇಡಿ. ನೀವೂ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬೀಡಿ ಸಿಗರೇಟು ಅಭ್ಯಾಸ ಇದ್ದರೆ ಕೈ ತೊಳೆಯದೆ ಮುಟ್ಟಲೇಬೇಡಿ. ಆ ಗ್ರೀಸ್ ತುಂಬಾ ಬಿಸಿಗೆ ಸಿಕ್ಕಿದರೆ ವಿಷದ ಹೊಗೆ ಬರುತ್ತದೆ.

ಕೇಳಿದವರು: ಮಂಡ್ಯ, ವಿದ್ಯಾನಗರ

ಎಲ್ಲರಿಗೂ ಥ್ಯಾಂಕ್ಸ್. ಐದು ಸ್ಟೆಬಿಲೈಸರ್ ಆಯಿತು, ಎಫ್ ಮತ್ತು ಎ ಕೂಡ ಆಯಿತು. ಸ್ಪೇಸ್‌ಬಾರ್ ಈಗ ಡಬ್ ಅಂತ ಒಂದೇ ಸದ್ದು, ಬಹಳ ಹಿಡಿಸಿತು. ಎಫ್ ಕೀ ನಯವಾಗಿದೆ, ಪಕ್ಕದ ಜಿ ಒತ್ತಿದರೆ ಈಗ ಮೊದಲಿಗಿಂತ ಜಾಸ್ತಿ ಕಿರಿಕಿರಿ. ಉಳಿದದ್ದು ಮಾಡುತ್ತೇನೋ ಸೈಲೆಂಟ್ ಸ್ವಿಚ್ ತರಿಸುತ್ತೇನೋ ಇನ್ನೂ ಗೊತ್ತಿಲ್ಲ. ಎಡಗಡೆ ಶಿಫ್ಟ್ ಮಾತ್ರ ಒಂದು ಬದಿಯಲ್ಲಿ ಟಿಕ್ ಅನ್ನುತ್ತಿದೆ. ಇನ್ನೂ ಗ್ರೀಸ್ ತುಂಬಲಾ?

ಮೈಸೂರು, ಕುವೆಂಪುನಗರ

ಬೇಡ. ಒಂದೇ ಬದಿ ಟಿಕ್ ಅಂದರೆ ತಂತಿ ಸೊಟ್ಟ ಇದೆ ಅಂತ. ತಂತಿ ಹೊರಗೆ ತೆಗೆದು ಗ್ರೀಸ್ ಒರೆಸಿ, ಗಾಜಿನ ಮೇಲೆ ಮಲಗಿಸಿ. ಒಂದು ತುದಿ ಬೆರಳಿನಲ್ಲಿ ಒತ್ತಿದಾಗ ಇನ್ನೊಂದು ತುದಿ ಎದ್ದರೆ, ಎದ್ದ ಕಡೆಯನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ಬಗ್ಗಿಸುತ್ತಾ ಬನ್ನಿ. ಎರಡೂ ತುದಿ ಗಾಜಿಗೆ ಸಮ ಕೂತ ಮೇಲೆ ಗ್ರೀಸ್ ಹಚ್ಚಿ ವಾಪಸ್ ಹಾಕಿ.