ದರಿಯಾ ದೌಲತ್ ತೋಟ, ಗಂಜಾಂ: ಅಮ್ಮನ ಜೊತೆ ಒಂದು ದಿನಕ್ಕೆ ಸಾಕಾ?

ಪ್ರಶ್ನೆ:
ಮಾರ್ಚ್ ಮೊದಲ ವಾರ ಅಮ್ಮನನ್ನು ಬೆಂಗಳೂರಿಂದ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗುವುದಿಲ್ಲ. ಹೋದ ಸಲ ಕೋಟೆ, ದೇವಸ್ಥಾನ, ಸಂಗಮ ಅಂತ ಒಂದೇ ಓಟ ಓಡಿದೆವು, ಏನೂ ನೋಡಿದ ಹಾಗೆ ಆಗಲಿಲ್ಲ. ಈ ಸಲ ದರಿಯಾ ದೌಲತ್ ತೋಟ, ಆಮೇಲೆ ಗಂಜಾಂ ಊರು, ಅಷ್ಟೇ ಸಾಕಾ?

ಉತ್ತರ 1:
ಖಂಡಿತ ಸಾಕು. ಬೆಳಿಗ್ಗೆ ಬೇಗ ತೋಟಕ್ಕೆ ಹೋಗಿ, ಹನ್ನೊಂದರ ಮೇಲೆ ಬಿಸಿಲು ಚುರುಗುಟ್ಟುತ್ತದೆ. ಗೇಟಿನಿಂದ ಅರಮನೆವರೆಗೆ ನೇರ ದಾರಿ, ನಿಧಾನವಾಗಿ ನಡೆಯಬಹುದು. ಹೊರಗಿನಿಂದ ಇಳಿಬಿಟ್ಟ ಹಸಿರು ಪರದೆಗಳಷ್ಟೇ ಕಾಣುತ್ತವೆ, ಇಷ್ಟೇನಾ ಅಂತ ವಾಪಸ್ ತಿರುಗಬೇಡಿ. ಗೋಡೆಯ ಚಿತ್ರಗಳಿಗೆ ಬಿಸಿಲು ತಾಗದಿರಲಿ ಅಂತ ಅವು ಇರೋದು. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಬಹುಪಾಲು ತೇಗದ ಮರ. ಪಶ್ಚಿಮದ ಗೋಡೆಯಲ್ಲಿ ಹೈದರಾಲಿ, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಕೆಂಪು ಕೋಟಿನ ಸಿಪಾಯಿಗಳು ಚೌಕವಾಗಿ ಸುತ್ತುಗಟ್ಟಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಅವರ ದಂಡನಾಯಕ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ, ಹತ್ತಿರದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ಶಾಲೆಯಲ್ಲಿ ಇಸವಿ ಬಾಯಿಪಾಠ ಮಾಡಿದ್ದ ಯುದ್ಧ, ಆ ಬೆರಳು ನೋಡಿದ ಮೇಲೆ ನನಗೆ ಮೊದಲ ಸಲ ನಿಜ ಅನ್ನಿಸಿತು. ಅಮ್ಮನಿಗೆ ಅದನ್ನು ತೋರಿಸಿ.

ಉತ್ತರ 2:
ನಮ್ಮ ಅಜ್ಜಿ ಮನೆ ಗಂಜಾಂ. ತುಂಬಾ ಜನ ನಿಮಿಷಾಂಬ ದೇವಸ್ಥಾನಕ್ಕೆ ಬಂದು, ಕೈಮುಗಿದು, ಹಾಗೇ ಕಾರು ಹತ್ತಿಬಿಡುತ್ತಾರೆ, ಊರೊಳಗೆ ಕಾಲಿಡುವುದೇ ಇಲ್ಲ. ನನಗೆ ಬೇಜಾರಾಗುತ್ತದೆ. ಟಿಪ್ಪು ಶಿರಾದಿಂದ ಜನರನ್ನು ಕರೆತಂದು ನೆಲೆ ನಿಲ್ಲಿಸಿದ ಪೇಟೆ ಇದು. ಗಂಜಾಂ ಅಂಜೂರ ಅಂದರೆ ಒಂದು ಕಾಲಕ್ಕೆ ದೊಡ್ಡ ಹೆಸರು. ಅಜ್ಜಿ ಹಿತ್ತಲಲ್ಲೂ ಒಂದು ಗಿಡ ಇತ್ತು, ಎಲೆ ಮುಟ್ಟಿದರೆ ಒರಟು, ಕಾಯಿ ಕಿತ್ತರೆ ಬೆರಳಿಗೆಲ್ಲ ಹಾಲು ಅಂಟಿಕೊಳ್ಳುತ್ತಿತ್ತು, ಆ ಕೈಯಲ್ಲಿ ಕಣ್ಣುಜ್ಜಬೇಡ ಅಂತ ಅಜ್ಜಿ ಒಳಗಿಂದಲೇ ಕೂಗುತ್ತಿದ್ದರು. ಮಾರ್ಚ್‌ನಲ್ಲಿ ಹೊಂಗೆ ಚಿಗುರಿರುತ್ತದೆ, ಅದರ ನೆರಳಲ್ಲಿ ಅಮ್ಮನನ್ನು ಕೂರಿಸಿ. ಹುಣ್ಣಿಮೆ, ಶುಕ್ರವಾರ ಮಾತ್ರ ಬೇಡ, ದೇವಸ್ಥಾನದಲ್ಲಿ ಸಿಕ್ಕಾಪಟ್ಟೆ ರಶ್.

ಉತ್ತರ 3:
ಆಟೋದವರ ಹತ್ತಿರ ಕಾಯುವುದಕ್ಕೂ ಸೇರಿಸಿ ಮೊದಲೇ ರೇಟು ಮಾತಾಡಿಕೊಳ್ಳಿ, ದುಡ್ಡು ಕೊನೆಗೆ ಕೊಡಿ. ನಮ್ಮನ್ನು ಒಬ್ಬರು ಅರ್ಧ ದಾರಿಯಲ್ಲಿ ಬಿಟ್ಟು ಹೋಗಿ ಅಪ್ಪ ಬಿಸಿಲಲ್ಲಿ ತುಂಬಾ ಸುಸ್ತಾದರು. ಅಮ್ಮನಿಗೆ ಶಕ್ತಿ ಉಳಿದಿದ್ದರೆ ಗುಂಬಜ್‌ಗೂ ಹೋಗಿ, ಅಲ್ಲಿ ಹೈದರಾಲಿ, ಅವರ ಹೆಂಡತಿ, ಟಿಪ್ಪು ಮೂವರ ಸಮಾಧಿ ಇದೆ. ಇಲ್ಲದಿದ್ದರೆ ಬಿಡಿ, ಇನ್ನೊಮ್ಮೆ ಬಂದರಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ಹೊರಡುತ್ತೇವೆ. ಅಂಜೂರದ ಮಾತು ಓದಿ ಹೇಳಿದ್ದಕ್ಕೆ ಅಮ್ಮ ಈಗಲೂ ಅಲ್ಲಿ ಹಣ್ಣು ಸಿಗುತ್ತಾ ಕೇಳು ಅಂತ ಹಿಂದೆ ಬಿದ್ದಿದ್ದಾರೆ. ಅಜ್ಜಿ ಮನೆಯವರೇ, ಸಿಗುತ್ತಾ?

ಉತ್ತರ 2:
ನಮ್ಮ ಹಿತ್ತಲ ಗಿಡ ಹೋಯಿತು, ಅಜ್ಜಿನೂ ಇಲ್ಲ. ಆದರೂ ಅಮ್ಮ ಊರಲ್ಲಿ ಯಾರನ್ನಾದರೂ ಕೇಳಲಿ. ಒಂದು ಗಿಡ ಕಂಡರೂ ದಯವಿಟ್ಟು ಇಲ್ಲಿ ಬರೆಯಿರಿ, ನಾನೂ ಹೋಗಿ ನೋಡುತ್ತೇನೆ.